ತಮ್ಮನ ತಲೆಗೊಂದು ಒನಕೆ

ಶಿಡ್ಲಘಟ್ಟ, ೧೦ ಜನವರಿ ೧೯೬೦, ಭಾನುವಾರ

ಪೇರೇಸಂದ್ರದ ಅಕ್ಕ ಕೊಂಡಮ್ಮನಿಗೆ ಇವತ್ತು ಕಾಗದ ಹಾಕಿದೆ. ನಾವೆಲ್ಲ ಕ್ಷೇಮ, ಚನ್ನಕೇಶವನ ಕೆಮ್ಮು ವಾಸಿಯಾಗಿದೆ, ನಿನ್ನ ಮಂಡಿನೋವಿಗೆ ಲಕ್ಕಿಸೊಪ್ಪಿನ ಶಾಖ ಕೊಟ್ಟುಕೋ, ಚಳಿಯಲ್ಲಿ ತಣ್ಣೀರು ಮುಟ್ಟಬೇಡ ಕಣೇ ಎಂದೆಲ್ಲ ಬರೆದೆ. ಬರೆದದ್ದೆಲ್ಲ ನಿಜವೇ. ಆದರೆ ಹೊಟ್ಟೆಯೊಳಗೆ ಉರಿಯುತ್ತಿರುವುದನ್ನು ಅವಳಿಗೆ ಬರೆದರೆ ಅಳುತ್ತಾಳೆ. ಅದಕ್ಕೆ ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಗ ಚನ್ನಕೇಶವ ಚಿಕ್ಕವನಿದ್ದಾಗ ಅವನ ಒಂದನೇ ತರಗತಿಯ ಪಾಠ ನೋಡಿ ನೋಡಿ ನಾನೂ ಅಕ್ಷರ ಕಲಿತದ್ದು ಈ ಒಂದು ಕೆಲಸಕ್ಕಾದರೂ ಬಂತು.

ಚಿಕ್ಕಬಳ್ಳಾಪುರದ ಹೈಸ್ಕೂಲು ಮೈದಾನದಲ್ಲಿ ಬರುವ ತಿಂಗಳು ದೊಡ್ಡ ವಸ್ತುಪ್ರದರ್ಶನ ನಡೆಯುತ್ತದಂತೆ. ದಸರೆಗೆ ನಮ್ಮ ಪಡಸಾಲೆಯಲ್ಲಿ ನಾನು ಮಾಡಿಡುವ, ಕೈಕಾಲು ಆಡಿಸುವ ಬೊಂಬೆಗಳನ್ನು ನೋಡಿ ಹೋಗಿದ್ದ ಸಾಹೇಬರೊಬ್ಬರು, ಅವನ್ನು ಅಲ್ಲಿ ಒಂದು ಮಳಿಗೆಯಲ್ಲಿಟ್ಟು ಆಡಿಸಬೇಕೆಂದು ಹೇಳಿಕಳಿಸಿದ್ದಾರೆ. ಮುರಿದುಹೋದ ನೂಲಿನ ರಾಟೆಗಳು, ಸೈಕಲ್ಲಿನ ಹಲ್ಲುಚಕ್ರ, ಡಾಲ್ಡಾ ಡಬ್ಬದ ತಗಡು, ಇಷ್ಟರಲ್ಲೇ ಮಾಡಿದ ಬೊಂಬೆಗಳು. ಪೇಪರು ಓದುವ ಮೇಕೆ. ಮೊಟ್ಟೆಯ ಬದಲು ರೇಷ್ಮೆಗೂಡು ಇಡುವ ಕೋಳಿ. ರಾಗಿ ಬೀಸುವ ಕರಡಿ. ಯಾರು ಏನು ಕೇಳಿದರೂ ಹೂಂ ಎಂದು ತಲೆಯಾಡಿಸುವ ಅಮಲ್ದಾರ. ಎಲ್ಲಕ್ಕೂ ಒಂದೇ ದೊಡ್ಡ ಚಕ್ರ. ಅದನ್ನು ಕೈಯಲ್ಲಿ ತಿರುವಿದರೆ ಹಲಗೆಯಡಿಯ ಉದ್ದನೆಯ ದಂಡ ತಿರುಗುತ್ತದೆ, ದಂಡಕ್ಕೆ ಕಟ್ಟಿದ ಹುರಿಗಳು ಬೊಂಬೆಗಳ ಕೈಕಾಲು ಎಳೆಯುತ್ತವೆ.

ಈ ವಯಸ್ಸಿನಲ್ಲಿ ಇವನ್ನೆಲ್ಲ ಹೊತ್ತುಕೊಂಡು ಎಲ್ಲಿಗೆ ಹೋಗಲಿ ಎನ್ನುವವಳಿದ್ದೆ. ಮಾತಿಗೆ, ಹೇಳಲು ಬಂದವರನ್ನು ಚಪ್ಪರ ಮಳಿಗೆಗಳ ಗುತ್ತಿಗೆ ಯಾರದಪ್ಪಾ ಎಂದು ಕೇಳಿದೆ. ಚಿಂತಾಮಣಿಯ ಆವುಲಪ್ಪನವರದು ಅಂದರು.

ಬರ್ತೀನಿ ಅಂತ ಹೇಳಿಬಿಡಿ ಅಂದೆ.

ಆವುಲಪ್ಪ ನನ್ನ ಒಡಹುಟ್ಟಿದ ತಮ್ಮ. ಅವನ ಮಗಳು ಅಮ್ಮಾಜಿಯನ್ನು ನನ್ನ ಮಗ ಚನ್ನಕೇಶವನಿಗೆ ಕೊಡುವುದೆಂದು ಹುಡುಗಿ ತೊಟ್ಟಿಲಲ್ಲಿದ್ದಾಗಿನ ಮಾತು. ಹೋದ ವರ್ಷ ವೀಳ್ಯ ಬದಲಾಯಿಸಿಯೂ ಆಯಿತು. ಗಂಡ ಸತ್ತ ನಾನು ತಟ್ಟೆ ಮುಟ್ಟಬಾರದೆಂದು ಕೊಂಡಮ್ಮಕ್ಕನ ಕೈಯಲ್ಲಿ ಕೊಡಿಸಿದ್ದೆ. ಹಿತ್ತಾಳೆ ತಟ್ಟೆ, ಎಲೆ ಅಡಿಕೆ, ತೆಂಗಿನಕಾಯಿ, ಹಸಿರು ರವಿಕೆ ಕಣ. ಅದಾಗಿ ಸ್ವಲ್ಪ ದಿನಕ್ಕೆ ನಾನು ಬಸ್‌ಸ್ಟಾಂಡಿನಲ್ಲಿ ಸೊಪ್ಪು ಕೊಳ್ಳುತ್ತಿದ್ದಾಗ ಚಿಂತಾಮಣಿಯ ಬಸ್ಸು ಬಂದು ನಿಂತಿತು. ಕಂಡಕ್ಟರ್ ಹುಸೇನ್ ಸಾಬ್ ಕಿಟಕಿಯಿಂದ ತಟ್ಟೆ ಹೊರಗೆ ಹಿಡಿದು, "ಕದಿರಮ್ಮನೋರೇ, ನಿಮ್ಮ ತಮ್ಮ ಕಳ್ಸವ್ರೆ, ವಾಪಸ್ ಅಂತೆ!" ಎಂದು ಇಡೀ ಸಂತೆಗೆ ಕೇಳುವಂತೆ ಕೂಗಿದ. ಎಲೆ ಒಣಗಿ ಸುರುಟಿಕೊಂಡಿದ್ದವು. ಗೌರಿಬಿದನೂರಿನ ಗುಮಾಸ್ತನೊಬ್ಬ ಸಿಕ್ಕಿದ್ದನಂತೆ, ತಿಂಗಳ ಸಂಬಳದವನು. ಅವನಿಗೇ ಹುಡುಗಿಯನ್ನು ಧಾರೆ ಎರೆದುಕೊಟ್ಟ.

ಹೆಣ್ಣು ಕೊಡದಿದ್ದರೆ ಹೋಗಲಿ. ಎದುರಿಗೆ ಬಂದು ಒಂದು ಮಾತು ಆಡಬಹುದಿತ್ತು. ತಟ್ಟೆಯನ್ನು ಬಸ್ಸಿಗೆ ಹಾಕಿದ.

ಅವನಿಗೆ ಒಂದು ಬೊಂಬೆ ಮಾಡುತ್ತೇನೆ.


೧೪ ಜನವರಿ, ಗುರುವಾರ, ಸಂಕ್ರಾಂತಿ

ಊರೆಲ್ಲ ಎಳ್ಳು ಬೀರಿತು. ಚಿಂತಾಮಣಿಯಿಂದ ಯಾರೂ ಬರಲಿಲ್ಲ. ಬರುತ್ತಾರೆಂದು ನಾನೇನೂ ಬಾಗಿಲು ನೋಡುತ್ತಿರಲಿಲ್ಲ.

ಮಧ್ಯಾಹ್ನ ಬೇವಿನ ತುಂಡಿನಲ್ಲಿ ತಲೆ ಕೆತ್ತಲು ಕೂತೆ. ಮೂಗು ಮೊದಲು ಬಂತು. ಮಧ್ಯದಲ್ಲಿ ದಿಬ್ಬ, ತುದಿ ಎಡಕ್ಕೆ. ಬಾಲ್ಯದಲ್ಲಿ ಹುಣಿಸೆಮರದಿಂದ ಬಿದ್ದು ಇನ್ನಷ್ಟು ಓರೆಯಾದ ಮೂಗು. ಆವತ್ತು ಅವನನ್ನು ಸೊಂಟದ ಮೇಲೆ ಹೊತ್ತು ಓಡಿದವಳು ನಾನೇ. ಬಿದ್ದಿರಲಿ ಅಂತ ಬಿಟ್ಟಿದ್ದರೆ ಆಗುತ್ತಿತ್ತು.

ಸುಳ್ಳು ಹೇಳುವ ಮುಂಚೆ ಕಿವಿಯ ಹಾಲೆ ಎಳೆದುಕೊಳ್ಳುತ್ತಾನಲ್ಲ, ಅದೂ ಬೇಕು. ಒಂದು ಕೈ ಕಿವಿಗೆ ಹೋಗುವ ಹಾಗೆ ಹುರಿ ಕಟ್ಟಬೇಕು.


೨೪ ಜನವರಿ, ಭಾನುವಾರ

ಬಸ್ಸು ಮುಗಿಯಿತು. ಡಾಲ್ಡಾ ಡಬ್ಬ ಬಿಡಿಸಿ ಮಾಡಿದ್ದು. ದುಂಡನೆಯ ಹಳಿಯ ಮೇಲೆ ಸುತ್ತು ಬರುತ್ತದೆ. ಬೊಂಬೆಯ ಮುಂದೆ ಬಂದಾಗ ಕಿಟಕಿಯಿಂದ ಕಂಡಕ್ಟರ್ ತಟ್ಟೆ ಹೊರಗೆ ಚಾಚುತ್ತಾನೆ. ಆವುಲಪ್ಪನ ಬೊಂಬೆ ಕಿವಿ ಎಳೆದುಕೊಳ್ಳುತ್ತದೆ. ಹಿಂದಿನಿಂದ ಒನಕೆ ಬಂದು ನೆತ್ತಿಯ ಮೇಲೆ ಬೀಳುತ್ತದೆ. ಠಕ್ ಎನ್ನುತ್ತದೆ. ಆ ಸದ್ದು ಕೇಳಲಿಕ್ಕೇ ಎಷ್ಟೋ ಸಲ ತಿರುವಿದೆ.

ಬಣ್ಣ ಹಚ್ಚು ಅಂತ ಚನ್ನಕೇಶವನಿಗೆ ಕುಂಚ ಕೊಟ್ಟೆ. ಬಸ್ಸಿಗೆ ಕೆಂಪು ಹಚ್ಚಿದ. ಮುಖ ನೋಡಿ ಕುಂಚ ಕೆಳಗಿಟ್ಟ.

"ಮಾವನ ಮುಖಕ್ಕೆ ನಾನು ಹಚ್ಚಲ್ಲಮ್ಮ."

"ಯಾವ ಮಾವನೋ? ಹೆಣ್ಣು ಕೊಟ್ಟೋನಾ?"

"ನಂಗೇ ಇಲ್ಲದ ಸಿಟ್ಟು ನಿಂಗ್ಯಾಕೆ? ನಾನು ಮರ್ತಾಯ್ತು."

"ನೀನು ಮರೀತೀಯ ಅಂತಾನೇ ನಾನು ನೆನಪಿಟ್ಕೊಂಡಿರೋದು" ಅಂದೆ. ಎದ್ದು ಹೋದ. ಮುಖದ ಬಣ್ಣ ನಾನೇ ಹಚ್ಚಿದೆ. ಮೀಸೆ ಸರಿಯಾಗಿ ಬಂದಿದೆ.


ಚಿಕ್ಕಬಳ್ಳಾಪುರ, ೮ ಫೆಬ್ರವರಿ, ಸೋಮವಾರ

ಚಿಕ್ಕ ರೈಲಿನಲ್ಲಿ ಬೊಂಬೆಗಳ ಜೊತೆ ಬಂದಿಳಿದೆ. ಛತ್ರದಲ್ಲಿ ಒಂದು ಕೋಣೆ ಕೊಟ್ಟಿದ್ದಾರೆ. ನನ್ನ ಮಳಿಗೆಯ ಪಕ್ಕದಲ್ಲಿ ನಮ್ಮೂರಿನ ಹಫೀಜಾ ಮತ್ತು ಅವಳ ಗಂಡ ಖಾಜಾ ಪೀರ್ ಒಲೆ ಹೂಡಿ, ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚಿ ತೋರಿಸುತ್ತಾರೆ. ಗೊತ್ತಿರುವ ವಾಸನೆ ಪಕ್ಕದಲ್ಲಿದೆ, ಅಷ್ಟೇ ಸಮಾಧಾನ.

ಆವುಲಪ್ಪನೂ ಇದ್ದ. ತಲೆಗೆ ವಲ್ಲಿಬಟ್ಟೆ ಸುತ್ತಿಕೊಂಡು ಚಪ್ಪರದ ಗಳುಗಳನ್ನು ಎಣಿಸುತ್ತಿದ್ದ. ನನ್ನನ್ನು ನೋಡಿ ಗಳು ಎಣಿಸುವುದು ತಪ್ಪಿ ಮೊದಲಿನಿಂದ ಶುರುಮಾಡಿದ. ವರ್ಷದಿಂದ ಮಾತಿಲ್ಲ ನಮಗೆ. ನಮ್ಮ ಕಡೆ ಮಾತು ಬಿಟ್ಟವರು ಒಂದೇ ಕಡೆ ಇರಬೇಕಾಗಿ ಬಂದರೆ ನಡುವೆ ಒಂದು ಹಸುವೋ ಗೋಡೆಯೋ ಬೇಕು, ಅದಕ್ಕೆ ಹೇಳಿದ ಹಾಗೆ ಹೇಳಿ ಕೇಳಿಸಬೇಕು. ಇಲ್ಲಿ ಹಸು ಎಲ್ಲಿಂದ ತರಲಿ? ಹಲಗೆಯ ಮೇಲೆ ಕರಡಿ ಇತ್ತು.

"ಏ ಕರಡಿ, ಚಪ್ಪರದೋರಿಗೆ ಹೇಳು, ಈ ಹಲಗೆ ಅಲ್ಲಾಡ್ತದೆ. ಹಲಗೆ ಅಲ್ಲಾಡಿದ್ರೆ ಹುರಿ ಕಳಚ್ಕೋತದೆ ಅಂತ."

ಅವನು ಕರಡಿಯ ಹತ್ತಿರ ಬಂದು ಅದರ ಮುಖಕ್ಕೇ ಹೇಳಿದ. "ಕರಡಿಯಪ್ಪಾ, ಸಂಜೆಯೊಳಗೆ ಸರ್ವೆಮರದ ಕಾಲು ಕೊಡಿಸ್ತೀನಿ ಅಂತ ನಿಮ್ಮಮ್ಮನಿಗೆ ಹೇಳು."

ಹಫೀಜಾ ನಕ್ಕು ನಕ್ಕು ಒಲೆಗೆ ಊದುವುದನ್ನೇ ಬಿಟ್ಟಳು.

ಸರ್ವೆಮರದ ಕಾಲು ಬಂತು. ಒಳ್ಳೆ ಮರ. ಉಳಿದ ಮಳಿಗೆಗಳಿಗೆಲ್ಲ ಬಿದಿರು ಹಾಕಿದ್ದಾನೆ. ಮಾಡಿದ ತಪ್ಪು ಚುಚ್ಚುತ್ತಿರಬೇಕು. ಚುಚ್ಚಲಿ.

ಹೊಸ ಬೊಂಬೆಯ ಮೇಲೆ ಗೋಣಿ ಹೊದಿಸಿಟ್ಟಿದ್ದೇನೆ. ಬಸ್ಸಿಗೂ ಸೇರಿ ಒಂದೇ ಗೋಣಿ. ಒನಕೆ ಮಾತ್ರ ಮೇಲಕ್ಕೆ ಕಾಣುತ್ತದೆ.


೧೦ ಫೆಬ್ರವರಿ, ಬುಧವಾರ

ಪ್ರದರ್ಶನ ತೆರೆಯಿತು. ಜನವೋ ಜನ. ಮಂಡಿಕಲ್ಲಿನಿಂದ ಗಾಡಿ ಕಟ್ಟಿಕೊಂಡು ಬಂದಿದ್ದ ಹೆಂಗಸರು ಕೋಳಿಯ ಮುಂದಿನಿಂದ ಕದಲಲೇ ಇಲ್ಲ. ಒಬ್ಬಾಕೆ, "ನಮ್ಮನೆ ಕೋಳಿಗೂ ಇದನ್ನ ಕಲಿಸ್ಕೊಡಮ್ಮ" ಅಂದಳು. ಒಬ್ಬ ಮುದುಕ ಅಮಲ್ದಾರ ಬೊಂಬೆಗೆ ಕೈಮುಗಿದು, ಬಾವಿಯ ವಿಷಯ ಒಂದು ಮಾತು ಕೇಳಿಯೇಬಿಟ್ಟ. ಬೊಂಬೆ ಹೂಂ ಎಂದು ತಲೆಯಾಡಿಸಿತು. "ನೋಡ್ರಪ್ಪಾ, ಇವ್ರಾದ್ರೂ ಆಗಲಿ ಅಂದ್ರು" ಎಂದು ಅವನು ಹೊರಟ.

ಗೋಣಿಯ ಕೆಳಗೇನಿದೆ ಎಂದು ಎಲ್ಲರೂ ಕೇಳುತ್ತಾರೆ. ಬರುವವರು ಬಂದಮೇಲೆ ತೆಗೀತೀನಿ ಎನ್ನುತ್ತೇನೆ.

ದಿನವಿಡೀ ಚಕ್ರ ತಿರುವಿ ತೋಳು ಸೇದುತ್ತದೆ.


೧೩ ಫೆಬ್ರವರಿ, ಶನಿವಾರ

ಬೆಳಗಿನ ಮಂಜಿಗೆ ಹುರಿಗಳು ನೆನೆದು ಬಿಗಿಯುತ್ತವೆ. ಆಗ ಎಲ್ಲಕ್ಕೂ ಆತುರ. ಮೇಕೆ ಪೇಪರನ್ನು ಹರಿಯುವ ಹಾಗೆ ಮಗುಚುತ್ತದೆ, ಕೋಳಿ ಕೂರುವ ಮುಂಚೆಯೇ ಎದ್ದುಬಿಡುತ್ತದೆ. ಮಧ್ಯಾಹ್ನದ ಬಿಸಿಲಿಗೆ ಹುರಿ ಸಡಿಲವಾಗಿ ಎಲ್ಲವೂ ಉಂಡು ಮಲಗಿದವರ ಹಾಗೆ ಆಡುತ್ತವೆ. ಬೆಳಗ್ಗೆ ಬಿಡಬೇಕು, ಮಧ್ಯಾಹ್ನ ಎಳೆಯಬೇಕು. ಮೈದಾನದ ಧೂಳು ಬೇರೆ ಅಚ್ಚಿಗೆ ತುಂಬಿ ಕಿರ್ ಎನ್ನುತ್ತದೆ. ಒರೆಸಿ ಹರಳೆಣ್ಣೆ ಬಿಡಬೇಕು. ಹೆಚ್ಚು ಬಿಟ್ಟರೆ ಧೂಳು ಅಂಟಿ ಮತ್ತೆ ಕಿರ್.

ಇವತ್ತು ಬಂದು ನೋಡಿದರೆ ಮಳಿಗೆಯ ಮುಂದೆಲ್ಲ ಯಾರೋ ನೀರು ಚಿಮುಕಿಸಿ ಧೂಳು ಕೂರಿಸಿದ್ದರು. ಯಾರು ಎಂದು ಕೇಳುವ ಗೋಜಿಗೆ ನಾನು ಹೋಗಲಿಲ್ಲ. ಹಫೀಜಾ ಕೇಳದೆಯೇ ಹೇಳಿದಳು. "ತಮ್ಮ ಅಲ್ವಾ ಅಕ್ಕ, ಕೊಡ ಹೊತ್ತು ತಾನೇ ಹಾಕ್ದ."

"ಅದು ಗುತ್ತಿಗೆ ಕೆಲಸ" ಅಂದೆ.

"ನಮ್ ಮಳಿಗೆ ಮುಂದೆ ಗುತ್ತಿಗೆ ಇಲ್ವಾ ಹಾಗಾದ್ರೆ?"

ಈ ಹಫೀಜಾಳಿಗೆ ಬಾಯಿ ಜಾಸ್ತಿ.


೧೬ ಫೆಬ್ರವರಿ, ಮಂಗಳವಾರ

ಜನ ಬರುವ ಮುಂಚೆ ಗೋಣಿಯನ್ನು ತೆಗೆಯದೆ ಒನಕೆಯನ್ನು ಮಾತ್ರ ಆಡಿಸಿ ನೋಡುತ್ತಿದ್ದೆ. ಅದು ಬರಬರುತ್ತಾ ಮೆಲ್ಲಗೆ ಇಳಿಯುತ್ತಿತ್ತು, ಮಗುವಿಗೆ ಎಣ್ಣೆ ತಟ್ಟುವ ಹಾಗೆ. ಹೀಗಾದರೆ ಯಾರು ನಗುತ್ತಾರೆ?

ಅವನು ಪಕ್ಕದ ಗಳು ಬಿಗಿಯುತ್ತಾ ನೋಡುತ್ತಿದ್ದ. ಸುಮ್ಮನಿರಲಾರದೆ ಬಂದ.

"ಕರಡಿಯಪ್ಪಾ, ಏಟಿಗೆ ತೂಕ ಸಾಲ್ದು. ಒನಕೆ ತಲೆಗೆ ಒಂದು ಸೀಸದ ಗುಂಡು ಕಟ್ಟಿ, ಎತ್ತೋ ಹುರೀನ ಅರ್ಧದಲ್ಲೇ ಬಿಟ್ಟುಬಿಡೋ ಹಾಗೆ ಮಾಡು ಅನ್ನು. ಎಳ್ಕೊಂಡು ಇಳಿಸ್ಬಾರ್ದು, ತಾನಾಗಿ ಬೀಳ್ಬೇಕು. ಆಗ ನೋಡು, ಮಂಡೆ ಬಿರೀತದೆ."

"ಬಿರೀಲಿ ಅಂತಾನೇ ಮಾಡಿರೋದು ಅನ್ನು ಕರಡಿ."

"ಯಾರ್ ಪಾಪದೋನು ಅದು ಗೋಣಿ ಕೆಳಗೆ?"

"ಪಾಪದೋನಲ್ಲ ಅನ್ನು."

ಅವನೇ ಎಲ್ಲಿಂದಲೋ ಸೀಸದ ಗುಂಡು ತಂದು ಹಲಗೆಯ ಮೇಲಿಟ್ಟು ಹೋದ. ಕಟ್ಟಿದೆ. ಏಟು ಈಗ ಸಿಡಿಲಿನ ಹಾಗೆ ಬೀಳುತ್ತದೆ. ತನ್ನ ತಲೆಗೆ ತಾನೇ ಗುಂಡು ತಂದುಕೊಟ್ಟ ಮೂಢ! ಛತ್ರಕ್ಕೆ ಹೋಗುವ ದಾರಿಯುದ್ದಕ್ಕೂ ನಕ್ಕೆ. ಬಾಲ್ಯದಲ್ಲೂ ಹೀಗೆಯೇ. ಗಾಳಿಪಟವಾಗಲಿ ಬುಗುರಿಯಾಗಲಿ, ಅವನ ಕೈ ತಾಗಿದರೆ ಏನೋ ಒಂದು ಸರಿಹೋಗುತ್ತಿತ್ತು.


೧೭ ಫೆಬ್ರವರಿ, ಬುಧವಾರ

ಇಲಿ ಮೇಕೆಯ ಹುರಿ ಕಡಿದಿದೆ. ಹುರಿಗಳಿಗೆಲ್ಲ ಬೇವಿನೆಣ್ಣೆ ಸವರಿದೆ. ಬೇರೇನಿಲ್ಲ.


೨೦ ಫೆಬ್ರವರಿ, ಶನಿವಾರ

ಸಮಯ ಸಿಕ್ಕಿತು. ಬರುವ ವಾರ, ಇಪ್ಪತ್ತೆಂಟರ ಭಾನುವಾರ, ಆವುಲಪ್ಪನ ಬೀಗರು ಗೌರಿಬಿದನೂರಿನಿಂದ ಪ್ರದರ್ಶನ ನೋಡಲು ಬರುತ್ತಾರಂತೆ. ಬೀಗ ಬಯ್ಯಪ್ಪ, ಕಂದಾಯದ ಶೇಕದಾರರಾಗಿದ್ದು ನಿವೃತ್ತರಾದವರು. ಅವರ ಹೆಂಡತಿ, ಗುಮಾಸ್ತ ಮಗ, ಸೊಸೆ ಅಮ್ಮಾಜಿ, ಎಲ್ಲರೂ. ಅವನು ಆಗಲೇ ಅವರಿಗೆ ಕುರ್ಚಿ ಎಲ್ಲಿ ಹಾಕುವುದು, ಸೋಡಾ ಎಲ್ಲಿಂದ ತರಿಸುವುದು ಎಂದು ಓಡಾಡುತ್ತಿದ್ದಾನೆ.

ಹಾಕಲಿ ಕುರ್ಚಿ. ನನ್ನ ಮಳಿಗೆಯ ಮುಂದೆಯೇ ಹಾಕಲಿ. ಬೀಗರ ಎದುರಿಗೆ, ಇಡೀ ಊರಿನ ಎದುರಿಗೆ ಗೋಣಿ ಎಳೆಯುತ್ತೇನೆ. ನಾನು ಬಸ್‌ಸ್ಟಾಂಡಿನಲ್ಲಿ ನಿಂತ ಹಾಗೆ ಅವನು ನಿಲ್ಲಬೇಕು.

ಹಫೀಜಾಳಿಗೆ ಮಾತ್ರ ಗೋಣಿಯ ತುದಿ ಎತ್ತಿ ತೋರಿಸಿದೆ. ಅವಳು ನಗುತ್ತಾಳೆ ಅಂದುಕೊಂಡಿದ್ದೆ.

"ಹುಡುಗಿ ಇರ್ತಾಳಲ್ಲಕ್ಕ ಅವತ್ತು?"

"ಇರ್ಲಿ. ಒನಕೆ ಬೀಳೋದು ಅವಳ ಅಪ್ಪನ ತಲೆಗೆ, ಅವಳ ತಲೆಗಲ್ಲ."

ಅವಳು ತನ್ನ ಒಲೆಗೆ ತಿರುಗಿ ಬಿಸಿನೀರಿನಲ್ಲಿ ಎಳೆ ಹುಡುಕತೊಡಗಿದಳು.


೨೪ ಫೆಬ್ರವರಿ, ಬುಧವಾರ

ಜನರ ನೂಕುನುಗ್ಗಲಿಗೆ ಮಳಿಗೆಯ ಅಡ್ಡಪಟ್ಟಿ ಮುರಿದು ಹಲಗೆ ಒಂದು ಕಡೆಗೆ ವಾಲಿತು. ಕೋಳಿ ಬೀಳುವುದರಲ್ಲಿತ್ತು. ಆವುಲಪ್ಪ ಎಲ್ಲಿದ್ದನೋ, ನುಗ್ಗಿ ಬಂದು ಹೆಗಲು ಕೊಟ್ಟು ಹಲಗೆ ಹಿಡಿದು ನಿಂತ. ಪಟ್ಟಿ ಬದಲಾಯಿಸುವವರೆಗೂ ಹಾಗೇ ನಿಂತಿದ್ದ. ಮೊಳೆ ಕೊಯ್ದು ಅಂಗೈಯಿಂದ ರಕ್ತ ಇಳಿಯುತ್ತಿತ್ತು. ಅದು ಅವನಿಗೆ ತಿಳಿದೇ ಇಲ್ಲ. ಚಿಕ್ಕಂದಿನಿಂದಲೂ ಅಷ್ಟೇ, ನೋವು ತಡವಾಗಿ ತಿಳಿಯುವ ಜಾತಿ.

ಅರಿಸಿನ ಒತ್ತಿ, ಸೆರಗಿನ ಅಂಚು ಹರಿದು ಸುತ್ತಿದೆ. ರಕ್ತ ಹುರಿಗೆ ತಾಗಿದರೆ ಹುರಿ ಗಂಟುಗಂಟಾಗುತ್ತದೆ, ಅದಕ್ಕೆ. ಈ ಸಲ ಕರಡಿಗೂ ಏನೂ ಹೇಳಲಿಲ್ಲ.

ಇನ್ನು ನಾಲ್ಕೇ ದಿನ. ಆಮೇಲೆ ನೋಡಿಕೊಳ್ಳಲಿ.


೨೮ ಫೆಬ್ರವರಿ, ಭಾನುವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಮಧ್ಯಾಹ್ನ ಬಂದರು. ಬಯ್ಯಪ್ಪ ಜರಿಪೇಟ, ಬಗಲಲ್ಲಿ ಕೊಡೆ. ಹಿಂದೆ ಹೆಂಡತಿ, ಗುಮಾಸ್ತ ಮಗ. ಆವುಲಪ್ಪ ಮುಂದೆ ಮುಂದೆ ದಾರಿ ಬಿಡಿಸುತ್ತಾ, "ಇದು ನಮ್ಮಕ್ಕ ಮಾಡಿರೋದು ಬೀಗರೇ, ಇಡೀ ಜಿಲ್ಲೇಲಿ ಇಲ್ಲ ಇಂಥದ್ದು" ಎನ್ನುತ್ತಿದ್ದ. ನಮ್ಮಕ್ಕನಂತೆ! ವರ್ಷದಿಂದ ಇಲ್ಲದ ಅಕ್ಕ ಬೀಗರು ಬಂದಾಗ ಹುಟ್ಟಿದಳು. ನನ್ನ ಸಿಟ್ಟಿಗೆ ಇನ್ನಷ್ಟು ಸೌದೆ ಬಿತ್ತು.

ಅಷ್ಟರಲ್ಲಿ ಎಲ್ಲರ ಹಿಂದಿನಿಂದ "ಅತ್ತೇ!" ಎಂದು ಅಮ್ಮಾಜಿ ನುಗ್ಗಿ ಬಂದಳು. ಕತ್ತಿಗೆ ಕೈ ಹಾಕಿ, "ಅತ್ತೆ, ಕೋಳಿ ಇನ್ನೂ ಗೂಡು ಇಡ್ತದಾ? ಕೊಕ್ಕೊಕ್ಕೋ ಅನ್ನೋಕೆ ಇನ್ನೂ ಕಲಿಸ್ಲಿಲ್ವಾ ನೀನು?" ಅಂದಳು. ಮೈ ತುಂಬಿಕೊಂಡಿದ್ದಾಳೆ. ನಾನು ಬೆನ್ನು ತಟ್ಟಿ ಅವಳನ್ನು ಪಕ್ಕಕ್ಕೆ ಸರಿಸಿ, ಗೋಣಿಯ ತುದಿ ಹಿಡಿದು ಎಳೆದೆ. ಚಕ್ರ ತಿರುವಿದೆ.

ಬಸ್ಸು ಸುತ್ತು ಬಂತು. ಕಂಡಕ್ಟರ್ ತಟ್ಟೆ ಚಾಚಿದ. ಬೊಂಬೆ ಕಿವಿಯ ಹಾಲೆ ಎಳೆದುಕೊಂಡಿತು. ಠಕ್!

ಜನ ಹೋ ಎಂದರು. ಹಿಂದಿನವರು ಮುಂದಿನವರ ಹೆಗಲ ಮೇಲೆ ಹತ್ತಿದರು. ಮತ್ತೆ ಬಸ್ಸು, ಮತ್ತೆ ಕಿವಿ, ಮತ್ತೆ ಠಕ್. ನಾನು ಆವುಲಪ್ಪನ ಮುಖವನ್ನೇ ನೋಡುತ್ತಿದ್ದೆ. ಅವನ ಕೈ ಕಿವಿಯ ಹತ್ತಿರಕ್ಕೆ ಹೋಗಿ ಅಲ್ಲೇ ನಿಂತಿತು.

"ವದ್ದಕ್ಕಾ" ಅಂದ. ಬೇಡಕ್ಕ ಎಂದು, ನಮ್ಮಮ್ಮನ ತೆಲುಗಿನಲ್ಲಿ, ನನಗೊಬ್ಬಳಿಗೇ ಕೇಳುವ ಹಾಗೆ. ಕರಡಿಗಲ್ಲ, ನನಗೆ. ಮಾತು ಬಿಟ್ಟ ಪಂತದಲ್ಲಿ ಮೊದಲು ಬಾಯಿಬಿಟ್ಟವನು ಅವನೇ. ಗೆದ್ದೆ ಅಂದುಕೊಂಡು ಇನ್ನೂ ಜೋರಾಗಿ ತಿರುವಿದೆ.

ಗುಂಪಿನಲ್ಲಿ ಕಂಡಕ್ಟರ್ ಹುಸೇನ್ ಸಾಬ್ ಇದ್ದಾನೆಂದು ನನಗೇನು ಗೊತ್ತು? ಅವನು ಹೊಟ್ಟೆ ಹಿಡಿದುಕೊಂಡು, "ಅರೆ ಅಲ್ಲಾ, ಇದು ನನ್ ಬಸ್ಸೇ! ಆ ತಟ್ಟೆ ತಂದೋನು..." ಎಂದು ಶುರುಮಾಡಿದ. ಹಫೀಜಾ ಒಲೆಯ ಹತ್ತಿರದಿಂದಲೇ, "ಚುಪ್ ರಹೋ ಭಾಯ್!" ಎಂದು ಗದರಿದಳು. ಅವನ ಬಾಯಿ ಹಾಗೇ ತೆರೆದುಕೊಂಡು ನಿಂತಿತು.

ಬಯ್ಯಪ್ಪ ನಗುತ್ತಿರಲಿಲ್ಲ. ಕೊಡೆಯ ತುದಿಯಿಂದ ತಟ್ಟೆ ತೋರಿಸಿದರು.

"ಏನಮ್ಮಾ ಇದು? ವೀಳ್ಯದ ತಟ್ಟೆ ಅಲ್ವಾ? ಬಸ್ಸಲ್ಲಿ ಯಾಕೆ ಬಂತು?" ಬೊಂಬೆಯ ಮೂಗು ನೋಡಿದರು, ಆವುಲಪ್ಪನ ಮೂಗು ನೋಡಿದರು. "ಥೇಟ್ ನಮ್ಮ ಬೀಗರೇ ಇದ್ದ ಹಾಗಿದೆ. ಯಾರ ವೀಳ್ಯ ವಾಪಸ್ ಹೋಗಿದ್ದು?"

ಆಗ ತಿಳಿಯಿತು ನನಗೆ. ಹುಡುಗಿಗೆ ಮೊದಲೇ ವೀಳ್ಯವಾಗಿತ್ತೆಂದು ಇವನು ಅವರಿಗೆ ಹೇಳಿಯೇ ಇಲ್ಲ. ಮುಚ್ಚಿಟ್ಟು ಕೊಟ್ಟಿದ್ದಾನೆ. ಬಯ್ಯಪ್ಪನ ಹೆಂಡತಿ ಸೊಸೆಯ ಕಡೆ ತಿರುಗಿ ನೋಡುತ್ತಿದ್ದಳು. ಅಮ್ಮಾಜಿಯ ಮುಖ ಬಿಸಿನೀರಿಗೆ ಬಿದ್ದ ಗೂಡಿನ ಹಾಗೆ ಬೆಳ್ಳಗಾಗಿತ್ತು.

ಒಂದೇ ಒಂದು ಮಾತು ಸಾಕಿತ್ತು. ನನ್ನ ಮಗನಿಗೆ ಆಗಿದ್ದ ವೀಳ್ಯ ಸ್ವಾಮಿ, ನಿಮ್ಮ ಸೊಸೆಯದೇ ಅಂದಿದ್ದರೆ ಅವನ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಒಂದು ವರ್ಷ ಇದಕ್ಕಾಗಿಯೇ ಕಾದಿದ್ದೆ.

"ನಂದೇ ಸ್ವಾಮಿ" ಅಂದೆ.

"ನಿಮ್ದಾ?"

"ಹೂಂ. ಅಲ್ಲಿ ನಿಂತಿರೋ ಬೊಂಬೆ ನಮ್ಮಪ್ಪ. ನಂಗೆ ಬಂದಿದ್ದ ಮೊದಲನೇ ಗಂಡಿಗೆ ವೀಳ್ಯ ಕೊಟ್ಟು ಆಮೇಲೆ ಮನಸ್ಸು ಬದಲಾಯಿಸ್ಬಿಟ್ಟ. ಮೂಗು, ಕಿವಿ ಎಳ್ಕೊಳ್ಳೋದು ಎರಡೂ ನನ್ನ ತಮ್ಮನಿಗೆ ಅವನಿಂದಲೇ ಬಂದಿದ್ದು. ಬೇಕಾದ್ರೆ ನನ್ನ ಮೂಗೂ ನೋಡಿ."

ಶೇಕದಾರರಾಗಿದ್ದವರು ಅಷ್ಟು ಸುಲಭಕ್ಕೆ ಬಿಡುತ್ತಾರೆಯೇ? "ನಿಮ್ಮ ಮದುವೆ ಕಾಲಕ್ಕೆ ಚಿಂತಾಮಣಿಗೆ ಎಲ್ಲಿತ್ತಮ್ಮ ಬಸ್ಸು?"

"ಇರ್ಲಿಲ್ಲ ಸ್ವಾಮಿ, ಎತ್ತಿನ ಗಾಡೀಲಿ ಕಳ್ಸಿದ್ದು. ಎರಡು ಎತ್ತು ಕೆತ್ತಿ ಎಂಟು ಕಾಲು ಆಡಿಸೋಕೆ ಈ ವಯಸ್ಸಲ್ಲಿ ನಂಗಾಗ್ತದಾ? ಮನೇಲಿ ಡಾಲ್ಡಾ ಡಬ್ಬ ಇತ್ತು, ಬಸ್ಸು ಮಾಡ್ದೆ."

ಸುತ್ತಲಿದ್ದವರು ಘೊಳ್ ಎಂದರು. ಬಯ್ಯಪ್ಪನ ಮೀಸೆಯೂ ಸಡಿಲವಾಯಿತು.

"ವೀಳ್ಯ ವಾಪಸಾದ ಹೆಣ್ಣು ಅಂತ ಗೊತ್ತಿದ್ದೂ ನಿಮ್ಮ ಯಜಮಾನರ ಕಡೆಯೋರು ಒಪ್ಪಿದ್ರಾ?"

"ಒಪ್ಪಿದ್ರು ಸ್ವಾಮಿ. ಅವ್ರು ಇರೋವರ್ಗೂ ಒಂದು ದಿನ ಎತ್ತಾಡ್ಲಿಲ್ಲ."

"ದೊಡ್ಡ ಮನಸ್ಸು. ನಾನಾಗಿದ್ರೆ ಆ ಹೆಣ್ಣನ್ನ ಹೊಸ್ತಿಲು ದಾಟಿಸ್ತಿರ್ಲಿಲ್ಲ" ಎಂದು ಕೊಡೆ ಊರಿಕೊಂಡು ಸೋಡಾ ಕುಡಿಯಲು ಹೊರಟರು. ಒನಕೆ ಅವರ ಪೇಟದ ಹತ್ತಿರವೇ ಇತ್ತು. ಕೈ ತಡೆದುಕೊಂಡೆ.

ಅಮ್ಮಾಜಿ ಹೋಗುವಾಗ ತಿರುಗಿ ನೋಡಲಿಲ್ಲ. ನನ್ನ ಕೈಯನ್ನು ಮಾತ್ರ ಚಕ್ರದ ಹಿಡಿಯ ಮೇಲೆಯೇ ಅದುಮಿ ಹೋದಳು.

ಎಲ್ಲ ಹಾಳಾಯಿತು. ಒಂದು ವರ್ಷದ ಸೇಡು ಒಂದು ಸುಳ್ಳಿನಲ್ಲಿ ಹೋಯಿತು. ಸತ್ತು ಸ್ವರ್ಗದಲ್ಲಿರುವ ಅಪ್ಪ ಇಡೀ ಜಿಲ್ಲೆಯ ಮುಂದೆ ಒನಕೆ ಏಟು ತಿಂದ. ಪಾಪ, ಅವನು ಯಾರ ವೀಳ್ಯವನ್ನೂ ಹಿಂದಿರುಗಿಸಿದವನಲ್ಲ. ಇದಕ್ಕೂ ಸೇರಿಸಿ ಆವುಲಪ್ಪನಿಗೆ ಕೊಡಬೇಕು ನಾನು.


೨೯ ಫೆಬ್ರವರಿ, ಸೋಮವಾರ

ಮಳಿಗೆ ತೆರೆಯುವ ಮುಂಚೆಯೇ ಆವುಲಪ್ಪ ಬಂದು ನಿಂತಿದ್ದ. ವಲ್ಲಿ ಕೈಯಲ್ಲಿತ್ತು.

"ಅಕ್ಕ."

"ಏನೋ?"

"ಆಸೆ ಬಿತ್ತು ಕಣಕ್ಕ. ಸಂಬಳದ ಹುಡುಗ, ಹುಡುಗಿ ನಿಮ್ಮ ಹಾಗೆ ಗೂಡು ಬಿಚ್ತಾ ಬಿಸಿನೀರಲ್ಲಿ ಕೈ ಬೇಯಿಸ್ಕೋಬಾರ್ದು ಅಂತ. ನಿನ್ನ ಎದುರಿಗೆ ನಿಂತು ಹೇಳೋಕೆ ಧೈರ್ಯ ಬರ್ಲಿಲ್ಲ. ಅದಕ್ಕೇ ಬಸ್ಸಿಗೆ ಕೊಟ್ಟೆ. ಬಸ್ಸು ಹೊರಟ ಮೇಲೆ ಅದರ ಹಿಂದೆ ಓಡ್ದೆ ಕಣಕ್ಕ, ಸಿಗ್ಲಿಲ್ಲ."

"ನಿನ್ನ ಕಾಲಿಗೆ ಯಾವತ್ತು ಏನು ಸಿಕ್ಕಿದೆ? ಆ ಬಯ್ಯಪ್ಪನಿಗೆ ಹೇಳದೆ ಮುಚ್ಚಿಟ್ಟು ಹುಡುಗೀನ ಕೊಟ್ಯಲ್ಲ, ಅದು ಇನ್ನೊಂದು. ನಾಳೆ ಯಾರೋ ಬಾಯಿಬಿಟ್ರೆ ಅವಳ ಗತಿ ಏನೋ, ಮುಠ್ಠಾಳ?"

"ನೀನು ನಿನ್ನೆ ಹೇಳಿದ್ಮೇಲೆ ಯಾರು ಹೇಳಿದ್ರೂ ಅವ್ರು ನಂಬಲ್ಲ."

"ನಿನ್ನ ಸಲುವಾಗಿ ಹೇಳ್ಲಿಲ್ಲ."

"ಗೊತ್ತು."

"ಗೊತ್ತಿದ್ರೆ ನಿಂತ್ಕೊಂಡಿದ್ದೀಯ ಯಾಕೆ? ಚಕ್ರ ತಿರುವು. ನಂಗೆ ತೋಳು ಬಿದ್ದುಹೋಗ್ತಿದೆ."

ಇಡೀ ದಿನ ಅವನ ಕೈಯಲ್ಲೇ ತಿರುವಿಸಿದೆ. ಪ್ರತಿ ಸುತ್ತಿಗೂ ತನ್ನ ತಲೆಗೆ ತಾನೇ ಏಟು ಹಾಕಿಸಿಕೊಳ್ಳಬೇಕು. ಇದಕ್ಕಿಂತ ಒಳ್ಳೆಯ ಶಿಕ್ಷೆ ನನಗೆ ಮೊದಲೇ ಯಾಕೆ ಹೊಳೆಯಲಿಲ್ಲವೋ! ಪ್ರದರ್ಶನ ಮುಗಿಯುವವರೆಗೂ ದಿನಾ ಬರಬೇಕೆಂದು ಹೇಳಿದ್ದೇನೆ. ಎದುರು ಮಾತಾಡಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಅರ್ಧ ಮುದ್ದೆ ಕೊಟ್ಟೆ. ಹೊಟ್ಟೆಗಿಲ್ಲದೆ ತಿರುವಿದರೆ ಚಕ್ರ ನಡುಗುತ್ತದೆ, ಕೋಳಿಗೆ ಆಗುವುದಿಲ್ಲ.


೧ ಮಾರ್ಚ್, ಮಂಗಳವಾರ

ಅವನು ತಿರುವುವುದನ್ನು ಬಿಟ್ಟು ಕಥೆ ಹೇಳಲು ಶುರುಮಾಡಿದ್ದಾನೆ. "ಇವ್ರು ನಮ್ಮಪ್ಪ, ಬಲು ಕೋಪಿಷ್ಠ" ಎಂದು ಬಂದವರಿಗೆಲ್ಲ ಹೇಳುತ್ತಾನೆ. ಅಪ್ಪ ಯಾವತ್ತು ಕೋಪಿಷ್ಠನಾಗಿದ್ದ? ಗಾಡಿ, ಎತ್ತಿನ ಹೆಸರು, ಆ ಗಂಡಿನ ಹಳ್ಳಿ, ಎಲ್ಲ ಸೇರಿಸಿದ್ದಾನೆ. ನಾನು ಬೈದರೆ ಕಿವಿ ಎಳೆದುಕೊಳ್ಳುತ್ತಾನೆ, ಜನ ಬೊಂಬೆಯನ್ನೂ ಅವನನ್ನೂ ನೋಡಿ ಬಿದ್ದು ಬಿದ್ದು ನಗುತ್ತಾರೆ. ಹಫೀಜಾಳ ಮಳಿಗೆಗೆ ಬಂದವರೂ ಇಲ್ಲಿಗೇ ಬಂದು ನಿಲ್ಲುತ್ತಾರೆ ಎಂದು ಖಾಜಾ ಪೀರ್ ದೂರು ಹೇಳಿದ.

ಹರಳೆಣ್ಣೆ ಅತಿಯಾಗಿ ಬಿಡುತ್ತಾನೆ. ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ.

ನಾನೇನೂ ಕ್ಷಮಿಸಿಲ್ಲ. ಬರೆದಿಡುತ್ತಿದ್ದೇನೆ.


೨ ಮಾರ್ಚ್, ಬುಧವಾರ

ಬೆಳಗ್ಗೆ ಅವನು ಬರುವ ಮುಂಚೆ ಬೊಂಬೆಯನ್ನು ಇಳಿಸಿ ನೋಡಿದೆ. ಸೀಸದ ಏಟಿಗೆ ನೆತ್ತಿಯ ಬಣ್ಣ ಎದ್ದು ಮರ ಬಿರುಕು ಬಿಟ್ಟಿದೆ. ಹೀಗೇ ಬಿಟ್ಟರೆ ವಾರದೊಳಗೆ ತಲೆ ಎರಡು ಹೋಳು.

ಸೀಸದ ಗುಂಡು ಬಿಚ್ಚಿ ಹಾಕಿದೆ. ಹಫೀಜಾಳ ಹತ್ತಿರ ಗೂಡಿನ ಮೇಲಿನ ಹತ್ತಿಯಂಥ ಎಳೆ ಒಂದು ಹಿಡಿ ಕೇಳಿ ಪಡೆದು, ಒನಕೆಯ ತುದಿಗೆ ದಪ್ಪಗೆ ಸುತ್ತಿ, ಮೇಲೆ ಬಟ್ಟೆ ಹೊಲಿದೆ. ತಿರುವಿ ನೋಡಿದೆ. ಒನಕೆ ಬಂದು ನೆತ್ತಿಯ ಮೇಲೆ ಕೂರುತ್ತದೆ, ಸದ್ದೇ ಇಲ್ಲ.

ಮರಕ್ಕೆ ಮರ ಬಡಿದರೆ ಬಣ್ಣ ನಿಲ್ಲುವುದಿಲ್ಲ. ಅದಕ್ಕೇ ಸುತ್ತಿದ್ದು, ಬೇರೆ ಯಾವ ಕಾರಣವೂ ಇಲ್ಲ.